ಹೊಸ ಗ್ಯಾಸ್ ಗೀಸರ್: ಜಾಗ ನೋಡುವುದರಿಂದ ಸುಣ್ಣ ತೊಳೆಯುವವರೆಗೆ

ನಮ್ಮ ಮನೆ ಇರುವುದು ಶಿಡ್ಲಘಟ್ಟದಲ್ಲಿ. ಮೂರು ವರ್ಷದ ಹಿಂದಿನವರೆಗೂ ಹಿತ್ತಲ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯೇ ಇತ್ತು. ಒಲೆಗೆ ತೋಟದ ಹಿಪ್ಪುನೇರಳೆ ಕಡ್ಡಿ, ಸಾಲದಿದ್ದರೆ ನೀಲಗಿರಿ ಸೌದೆ. ಡಿಸೆಂಬರ್ ಚಳಿಯಲ್ಲಿ ಐದು ಗಂಟೆಗೆ ಎದ್ದು ಉರಿ ಹಾಕುವ ಕೆಲಸ ಅಮ್ಮನದು. ವಯಸ್ಸಾಗುತ್ತಾ ಅವರಿಗೆ ಹೊಗೆ ಆಗದಂತಾಯಿತು. ಬೆಳಗ್ಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಾಗಾಗಿ ಗ್ಯಾಸ್ ಗೀಸರ್ ತಂದೆವು.

ಕೂರಿಸಲು ಬಂದ ಹುಡುಗ ಅದನ್ನು ಸೀದಾ ಬಚ್ಚಲುಮನೆಯ ಒಳಗೋಡೆಗೆ ನೇತುಹಾಕಿದ. "ಕಿಟಕಿ ಇದೆಯಲ್ಲ ಸಾರ್, ಏನೂ ಆಗಲ್ಲ" ಅಂದ. ಆ ಕಿಟಕಿಗೆ ನಾವು ಚಳಿಗಾಲ ಬಂತು ಅಂತ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದೆವು. ನಾಲ್ಕನೇ ದಿನ ನನ್ನ ಹೆಂಡತಿ ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದವಳು ಹೊಸ್ತಿಲ ಮೇಲೇ ಕುಸಿದು ಕೂತಳು. ತಲೆ ಸಿಡಿಯುತ್ತಿದೆ, ವಾಂತಿ ಬಂದ ಹಾಗಾಗುತ್ತಿದೆ ಅಂದಳು. ಹೊರಗೆ ಗಾಳಿಯಲ್ಲಿ ಕೂರಿಸಿದ ಮೇಲೆ ಸುಧಾರಿಸಿತು. ಆಸ್ಪತ್ರೆಗೆ ಹೋಗಿ ತೋರಿಸಿಕೊಂಡೂ ಬಂದೆವು. ಅಮ್ಮ ಗೀಸರನ್ನೇ ನೋಡುತ್ತಾ ಕೇಳಿದರು: "ಹಂಡೆ ಒಲೆಗೆ ನಿಮ್ಮ ತಾತ ಹೊಗೆಗೂಡು ಕಟ್ಟಿಸಿದ್ರು. ಇದಕ್ಕೆಲ್ಲೋ ಹೊಗೆಗೂಡು?"

ಮಾರನೇ ದಿನವೇ ಗೀಸರನ್ನು ಹೊರಗೋಡೆಗೆ ಸಾಗಿಸಿದೆ. ಇಲ್ಲಿ ಬರೆದಿರುವ ಒಂದೊಂದು ಹೆಜ್ಜೆಯೂ ಅಮ್ಮನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ನಲ್ಲಿ ಇದ್ದ ಹಾಗೆ ಕಂಡರೂ ಅದರ ಹೊಟ್ಟೆಯಲ್ಲಿರುವುದು ಒಲೆ.

ಮೊದಲು ಜಾಗ, ಆಮೇಲೆ ಗೀಸರ್

ಸ್ವಲ್ಪ ಲೆಕ್ಕ ಹಾಕೋಣ. ಪೂರ್ತಿ ಉರಿಯಲ್ಲಿ 6 ಲೀಟರ್ ಗೀಸರ್ ಗಂಟೆಗೆ ಹೆಚ್ಚುಕಡಿಮೆ 900 ಗ್ರಾಂ ಗ್ಯಾಸ್ ಸುಡುತ್ತದೆ. ಹತ್ತು ನಿಮಿಷಕ್ಕೆ 150 ಗ್ರಾಂ. ಒಂದು ಕೆಜಿ ಗ್ಯಾಸ್ ಸರಿಯಾಗಿ ಉರಿಯಲು 12-13 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 2 ಘನ ಮೀಟರ್. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವ ಗಾಳಿಯೇ 7 ಘನ ಮೀಟರ್‌ಗಿಂತ ಕಡಿಮೆ. ಬಾಗಿಲು ಕಿಟಕಿ ಮುಚ್ಚಿದ್ದರೆ ಹತ್ತೇ ನಿಮಿಷದಲ್ಲಿ ಕೋಣೆಯ ಆಮ್ಲಜನಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಖಾಲಿ. ನೂರಕ್ಕೆ 21 ಪಾಲು ಇರಬೇಕಾದದ್ದು 15ರ ಹತ್ತಿರ ಇಳಿಯುತ್ತದೆ.

ಆಮ್ಲಜನಕ ಸಾಲದ ಉರಿ ಅರೆಬರೆ ಉರಿಯುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೌದೆ ಹೊಗೆಯಾದರೆ ಕೆಮ್ಮು ಬರಿಸಿ ಓಡಿಸುತ್ತದೆ. ಇದು ಮೈ ಜೋಮು ಹಿಡಿಸಿ ಅಲ್ಲೇ ಕೂರಿಸುತ್ತದೆ. ಬಾಗಿಲ ಚಿಲಕ ತೆಗೆಯಲೂ ಕೈ ಏಳುವುದಿಲ್ಲ.

ಹಾಗಾಗಿ ಗೀಸರ್ ಬಚ್ಚಲುಮನೆಯ ಒಳಗೆ ಬೇಡ. ಎಕ್ಸಾಸ್ಟ್ ಫ್ಯಾನ್ ಇದೆ, ಎರಡು ಇಂಚು ಕಿಟಕಿ ತೆರೆದಿರುತ್ತೆ ಅನ್ನುವ ಸಮಜಾಯಿಷಿ ಬೇಡ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಚಳಿಯಾದರೆ ಕಿಟಕಿ ಮುಚ್ಚುತ್ತೇವೆ. ನಾವೂ ಮಾಡಿದ್ದು ಅದನ್ನೇ ಅಲ್ವಾ?

ಒಳ್ಳೆಯ ಜಾಗವೆಂದರೆ ಹಿತ್ತಲು, ಬಟ್ಟೆ ಒಗೆಯುವ ಜಾಗ, ಇಲ್ಲವೇ ಸಜ್ಜೆಯ ಕೆಳಗಿನ ಹೊರಗೋಡೆ. ಮಳೆ ನೀರು ಬೀಳಬಾರದು. ಗಾಳಿ ನೇರವಾಗಿ ಹೊಡೆದು ಉರಿ ಆರಿಸಬಾರದು. ನಮ್ಮ ಪ್ಲಂಬರ್ ಕೂಡ ಮರೆತ ಇನ್ನೊಂದು ಮಾತಿದೆ: ಗೀಸರ್ ಬಚ್ಚಲುಮನೆಯ ಅಥವಾ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲೋ ಕೆಳಗೋ ಇರಬಾರದು. ಹೊರಗೆ ಹೋದ ಹೊಗೆ ಅದೇ ಕಿಟಕಿಯಿಂದ ಒಳಗೆ ಬಂದರೆ ಏನು ಲಾಭ? ಮೆಟ್ಟಿಲ ಕೆಳಗಿನ ಗೂಡು, ಬಾಗಿಲು ಹಾಕುವ ಬೀರು, ಇವಂತೂ ಬೇಡವೇ ಬೇಡ.

ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಲ್ಲಬೇಕು. ಗೀಸರಿನ ಸರಿಯಾಗಿ ಕೆಳಗೇ ಇಡಬೇಡಿ, ಪಕ್ಕಕ್ಕೆ ಸರಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಇಳಿದು ಅಲ್ಲೇ ಕೂರುತ್ತದೆ. ಹತ್ತಿರದಲ್ಲಿ ಗುಂಡಿ, ಮೋರಿ ಬಾಯಿ, ತೆರೆದ ಚೇಂಬರ್, ನೀರಿನ ಸಂಪು ಇರಬಾರದು.

ಹೊರಗೆ ಜಾಗವೇ ಇಲ್ಲದ ಮನೆಗಳಿವೆ. ಹೊಗೆ ಕೊಳವೆಯನ್ನು ಗೋಡೆಯಾಚೆ ಬಿಡುವ ಮಾಡೆಲ್‌ಗಳು ಸಿಗುತ್ತವೆ, ಅದನ್ನು ಕಂಪನಿಯವರ ಕೈಯಿಂದಲೇ ಹಾಕಿಸಬೇಕು. ಅದೂ ಆಗದಿದ್ದರೆ ಗ್ಯಾಸ್ ಆಸೆ ಬಿಡಿ. ಕರೆಂಟ್ ಗೀಸರೋ ಸೋಲಾರೋ ವಾಸಿ.

ಅಂಗಡಿಯಲ್ಲಿ

"6 ಲೀಟರ್" ಅಂದಾಗ ಅದರೊಳಗೆ ಆರು ಲೀಟರ್ ನೀರು ನಿಲ್ಲುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಒಳಗೆ ಟ್ಯಾಂಕೇ ಇಲ್ಲ. ಇರುವುದು ತಾಮ್ರದ ಕೊಳವೆ, ಅದರ ಕೆಳಗೆ ಬರ್ನರ್. ನಿಮಿಷಕ್ಕೆ ಆರು ಲೀಟರ್ ನೀರನ್ನು ಸುಮಾರು 25 ಡಿಗ್ರಿ ಏರಿಸುತ್ತದೆ ಅನ್ನುವುದು ಆ ಲೆಕ್ಕದ ಅರ್ಥ. ಒಂದು ಬಚ್ಚಲಿಗೆ 6 ಲೀಟರಿನದು ಧಾರಾಳ.

ನೋಡಬೇಕಾದದ್ದು ಕೆಲವೇ. ಐಎಸ್‌ಐ ಗುರುತು ಇರಲಿ, ಅಡುಗೆ ಗ್ಯಾಸಿನ ಗೀಸರಿಗೆ ಐಎಸ್ 15558 ಅನ್ನುವ ನಂಬರ್. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ ಬೇಕು. ನೀರು ನಿಂತರೆ ಉರಿ ನಿಲ್ಲಬೇಕು. ಸುಮಾರು 20 ನಿಮಿಷಕ್ಕೆ ತಾನೇ ಆಫ್ ಆಗುವ ಟೈಮರ್ ಇದ್ದರೆ ಇನ್ನೂ ಒಳ್ಳೆಯದು. ಆಮ್ಲಜನಕ ಕಡಿಮೆಯಾದರೆ ಆರಿಸುವ ಸೆನ್ಸರ್ ಕೆಲವು ಮಾಡೆಲ್‌ಗಳಲ್ಲಿದೆ. ಇದ್ದರೆ ಸಂತೋಷ, ಆದರೆ ಅದನ್ನು ನಂಬಿಕೊಂಡು ಬಚ್ಚಲುಮನೆ ಒಳಗೆ ಹಾಕಬೇಡಿ. ಗೀಸರ್ ಸಿಲಿಂಡರ್ ಗ್ಯಾಸಿನದೋ ಪೈಪಿನಲ್ಲಿ ಬರುವ ಗ್ಯಾಸಿನದೋ ಅಂತ ಡಬ್ಬಿಯ ಮೇಲೆ ಓದಿ. ಒಂದರ ಬರ್ನರ್ ಇನ್ನೊಂದಕ್ಕೆ ಆಗುವುದಿಲ್ಲ. ಹಳೇದು ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ.

ಬರುವಾಗ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ತನ್ನಿ. ಒಳಗೆ ತಂತಿ ಬಲೆ ಇರುವಂಥದ್ದು. ಸಾದಾ ಹಸಿರು ರಬ್ಬರ್ ಪೈಪ್ ಬೇಡ.

ಕೂರಿಸುವ ದಿನ

ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ. ಸುಮ್ನೆ ಕಾಫಿ ಕೊಟ್ಟು ಒಳಗೆ ಹೋಗಬೇಡಿ.

ಮೊದಲು ನೀರು. ತಣ್ಣೀರು ಬರುವ ಕಡೆ ಒಂದು ವಾಲ್ವ್ ಇರಬೇಕು, ಅದರ ಮುಂದೆ ಜಾಲರಿ. ಬಿಸಿನೀರು ಹೋಗುವ ಪೈಪ್ ಸಿಪಿವಿಸಿ ಆಗಿರಲಿ, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ದೂರ ಕಡಿಮೆಯಿದ್ದಷ್ಟೂ ಒಳ್ಳೆಯದು. ನಮ್ಮದು ಎಂಟಡಿ, ಮೊದಲ ಅರ್ಧ ಚೊಂಬು ತಣ್ಣಗೆ ಬರುತ್ತದೆ, ಅಷ್ಟೇ.

ನೀರಿನ ಒತ್ತಡವನ್ನು ಗೀಸರಿನ ಮೇಲಿನ ಲೇಬಲ್ ಜೊತೆ ಹೋಲಿಸಿ. 0.02 ಎಂಪಿಎ (MPa, ಒತ್ತಡದ ಅಳತೆ) ಅಂತ ಬರೆದಿದ್ದರೆ ಟ್ಯಾಂಕಿನ ನೀರು ಗೀಸರಿಗಿಂತ ಕಡಿಮೆಯೆಂದರೂ 2 ಮೀಟರ್ ಮೇಲಿರಬೇಕು. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕ್ ಅನ್ನು ಸೀದಾ ತಾರಸಿ ಮೇಲೆ ಇಟ್ಟಿರುತ್ತೇವೆ. ಅಲ್ಲಿಗೆ ಒತ್ತಡ ಸಾಲದೆ ಗೀಸರ್ ಹೊತ್ತುವುದೇ ಇಲ್ಲ. ಗೀಸರ್ ಕೆಟ್ಟಿದೆ ಅಂತ ಬೈದುಕೊಳ್ಳುವ ಮುಂಚೆ ಟ್ಯಾಂಕ್ ಕೆಳಗೆ ನಾಲ್ಕು ಸಾಲು ಇಟ್ಟಿಗೆ ಕಟ್ಟಿಸಿ ನೋಡಿ.

ಆಮೇಲೆ ಗ್ಯಾಸ್. ಗೀಸರಿಗೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇರಲಿ. ಅಡುಗೆ ಒಲೆಯ ಪೈಪ್ ಕತ್ತರಿಸಿ ಟಿ ಜೋಡಿಸುವ ಕೆಲಸ ಬೇಡ. ಎರಡನೇ ಸಿಲಿಂಡರಿಗೆ ಗ್ಯಾಸ್ ಏಜೆನ್ಸಿಯಲ್ಲಿ ಕೇಳಿ. ಸಿಲಿಂಡರಿನ ಕುತ್ತಿಗೆ ಪಟ್ಟಿಯ ಒಳಗೆ ಒಂದು ಅಕ್ಷರ, ಎರಡಂಕಿ ಇರುತ್ತದೆ. ಅದು ಮುಂದಿನ ಪರೀಕ್ಷೆಯ ಗಡುವು. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-29 ಅಂತಿದ್ದರೆ 2029ರ ಜೂನ್‌ವರೆಗೆ. ಗಡುವು ದಾಟಿದ್ದು ಬಂದರೆ ವಾಪಸ್ ಕಳಿಸಿ.

ಪೈಪಿನ ಎರಡೂ ತುದಿಗೆ ಕ್ಲಿಪ್ ಬಿಗಿದ ಮೇಲೆ ಸೋಪಿನ ನೀರು ಪರೀಕ್ಷೆ. ಬಟ್ಟೆ ಸೋಪನ್ನು ನೀರಲ್ಲಿ ಕಲಸಿ, ರೆಗ್ಯುಲೇಟರ್ ಆನ್ ಮಾಡಿ, ಪ್ರತಿ ಜೋಡಣೆಗೂ ಬ್ರಷ್‌ನಿಂದ ಸವರಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಅಂತ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಇನ್ನೂ ಇದ್ದಾರೆ. ಅಂಥವರ ಕೈಗೆ ಕೆಲಸ ಕೊಡಬೇಡಿ.

ಮೊದಲ ಸಲ ಹೊತ್ತಿಸುವುದು

ಗ್ಯಾಸ್ ಆಫ್ ಇರುವಾಗಲೇ ಎರಡು ನಿಮಿಷ ನೀರು ಹರಿಸಿ. ಕೊಳವೆಯಲ್ಲಿನ ಗಾಳಿ, ಪೈಪ್ ಕತ್ತರಿಸಿದ ಚೂರು ಹೊರಗೆ ಹೋಗಲಿ. ನೀರು ನಿಲ್ಲಿಸಿ. ಟಾರ್ಚಿನ ದಪ್ಪ ಸೆಲ್ ಎರಡನ್ನು ಪ್ಲಸ್ ಮೈನಸ್ ನೋಡಿ ಹಾಕಿ. ಉರಿಯ ತಿರುಪನ್ನು ಕಡಿಮೆಗೆ, ನೀರಿನ ತಿರುಪನ್ನು ಜಾಸ್ತಿಗೆ ಇಡಿ. ಈಗ ರೆಗ್ಯುಲೇಟರ್ ಆನ್, ಆಮೇಲೆ ನೀರು. ನೀರು ಹರಿದ ತಕ್ಷಣ ಟಿಕ್ ಟಿಕ್ ಅಂತ ಕಿಡಿ ಹಾರಿ, ಬುಸ್ ಅಂತ ಹೊತ್ತಬೇಕು.

ಮೊದಲ ದಿನ ಗ್ಯಾಸ್ ಪೈಪಿನಲ್ಲಿ ಗಾಳಿ ಇರುತ್ತದೆ. ಒಂದೆರಡು ಸಲ ಟಿಕ್ ಟಿಕ್ ಅಂದು ಸುಮ್ಮನಾಗಬಹುದು. ನೀರು ನಿಲ್ಲಿಸಿ ಮತ್ತೆ ತಿರುಗಿಸಿ. ಮೂರು ಸಲಕ್ಕೂ ಹೊತ್ತದಿದ್ದರೆ ರೆಗ್ಯುಲೇಟರ್ ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಹಟ ಹಿಡಿದು ತಿರುಗಿಸುತ್ತಾ ಹೋದರೆ ಉರಿಯದ ಗ್ಯಾಸ್ ಒಳಗೆ ತುಂಬಿ, ಕೊನೆಗೆ ಹೊತ್ತಿದಾಗ ಢಂ ಅನ್ನುತ್ತದೆ.

ಹೊತ್ತಿದ ಮೇಲೆ ಕಿಂಡಿಯಲ್ಲಿ ಉರಿ ನೋಡಿ. ನೀಲಿಯಾಗಿ, ನಿಂತ ಹಾಗೆ ಉರಿಯಬೇಕು. ಹಳದಿ ನಾಲಿಗೆ ಚಾಚಿದರೆ, ಮೇಲುಗಡೆ ಕಪ್ಪು ಮಸಿ ಕಟ್ಟಿದರೆ ಬಳಸಬೇಡಿ, ಮೆಕ್ಯಾನಿಕ್ ಕರೆಸಿ.

ದಿನದ ಸ್ನಾನ

ಬೆಳಗ್ಗೆ ರೆಗ್ಯುಲೇಟರ್ ಆನ್ ಮಾಡುವ ಮುಂಚೆ ಮೂಗಿಗೆ ಕೆಲಸ ಕೊಡಿ. ಗ್ಯಾಸಿಗೆ ಆ ಕೊಳೆತ ವಾಸನೆ ಬರಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ವಾಸನೆ ಇಲ್ಲ ಅಂದರೆ ಮುಂದುವರಿಯಿರಿ.

ನಮ್ಮ ಮನೆಯಲ್ಲಿ ಬಕೆಟ್ ತುಂಬಿಸಿ, ಗೀಸರ್ ನಿಲ್ಲಿಸಿ, ಆಮೇಲೆ ಸ್ನಾನ. ಶವರ್ ಇಲ್ಲ. ಇದರಿಂದ ಉರಿ ಇರುವ ಹೊತ್ತು ಕಡಿಮೆಯಾಗುತ್ತದೆ. ಮಕ್ಕಳಿಗೆ ಮಾತ್ರ ಒಂದು ಎಚ್ಚರಿಕೆ. ಈಗಷ್ಟೇ ನಿಲ್ಲಿಸಿದ ಗೀಸರನ್ನು ಮತ್ತೆ ತಿರುಗಿಸಿದರೆ ಕೊಳವೆಯಲ್ಲಿ ನಿಂತು ಕಾದ ನೀರು ಮೊದಲು ಬರುತ್ತದೆ, ಕೈ ಸುಡುವಷ್ಟು. ಮೊದಲ ಚೊಂಬು ಬಕೆಟ್ಟಿಗೇ ಬೀಳಲಿ, ಮೈಗೆ ಬೇಡ.

ಉರಿಯನ್ನು ಪೂರ್ತಿ ಇಟ್ಟು ಆಮೇಲೆ ತಣ್ಣೀರು ಬೆರೆಸುವುದು ಎಲ್ಲರ ಅಭ್ಯಾಸ. ಅದರ ಬದಲು ಮೈಗೆ ಹಿತವಾಗುವಷ್ಟಕ್ಕೇ ಉರಿ ಇಳಿಸಿ. ಗ್ಯಾಸೂ ಉಳಿಯುತ್ತದೆ, ಸುಣ್ಣವೂ ಕಡಿಮೆ ಕಟ್ಟುತ್ತದೆ.

ಖರ್ಚಿನ ಲೆಕ್ಕ ಹೀಗೆ. ಒಂದು ಬಕೆಟ್ ತುಂಬಲು ಮೂರು ನಿಮಿಷದ ಮೇಲೆ, ಹತ್ತಿರ ಹತ್ತಿರ 50 ಗ್ರಾಂ ಗ್ಯಾಸ್. ಒಬ್ಬರಿಗೆ ಎರಡು ಬಕೆಟ್ ಅಂದರೆ 100 ಗ್ರಾಂ, ನಾಲ್ಕು ಜನಕ್ಕೆ ದಿನಕ್ಕೆ 400. ಸಿಲಿಂಡರಿನಲ್ಲಿ 14.2 ಕೆಜಿ ಇರುತ್ತದೆ, 35 ದಿನ ಬರಬೇಕು. ನಾನು ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಒಂದು ಸಲ 24 ದಿನಕ್ಕೇ ಮುಗಿಯಿತು. ಬಿಚ್ಚಿ ನೋಡಿದರೆ ಒಳಗೆ ಸುಣ್ಣ.

ವರ್ಷದಲ್ಲಿ ಒಂದೇ ದಿನ ನಮ್ಮ ಗೀಸರ್ ಸೋಲುತ್ತದೆ, ನರಕ ಚತುರ್ದಶಿ. ಹಿಂದಿನ ದಿನ ನೀರು ತುಂಬುವ ಹಬ್ಬಕ್ಕೆ ಅಮ್ಮ ಈಗಲೂ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬಿಸುತ್ತಾರೆ. ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಹತ್ತು ಜನ ಸಾಲಾಗಿ ನಿಂತಾಗ ಟೈಮರ್ ಮಧ್ಯದಲ್ಲೇ ಆಫ್ ಮಾಡುತ್ತದೆ. ಬೈಯಬೇಡಿ, ಅದರ ಕೆಲಸವೇ ಅದು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಆ ದಿನ ನಾವು ಅರ್ಧ ಜನಕ್ಕೆ ಹಂಡೆ ನೀರೇ ಹಾಕುತ್ತೇವೆ.

ಎಲ್ಲರ ಸ್ನಾನ ಮುಗಿದ ಮೇಲೆ ರೆಗ್ಯುಲೇಟರ್ ಆಫ್. ಪ್ರತಿ ದಿನ.

ತಲೆ ಭಾರವಾದರೆ, ವಾಸನೆ ಬಂದರೆ

ಇವೆರಡೂ ಬೇರೆ ಬೇರೆ ಅಪಾಯ. ಎರಡಕ್ಕೂ ಒಂದೇ ಮದ್ದು ಅಂದುಕೊಳ್ಳಬೇಡಿ.

ಗ್ಯಾಸ್ ವಾಸನೆ ಬಂದರೆ ಸೋರಿಕೆ. ಸ್ವಿಚ್ ಮುಟ್ಟಬೇಡಿ, ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ದೀಪ, ಊದುಬತ್ತಿ ಹತ್ತಿರ ಇದ್ದರೆ ಆರಿಸಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್ ಅದು, ಹಗಲು ರಾತ್ರಿ ಸಿಗುತ್ತದೆ.

ವಾಸನೆಯೇ ಇಲ್ಲದೆ ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲಲ್ಲಿ ಬಲವಿಲ್ಲ, ಅದೂ ಗೀಸರ್ ಉರಿಯುವಾಗ ಅಂದರೆ ಕಾರ್ಬನ್ ಮಾನಾಕ್ಸೈಡ್ ಅಂತಲೇ ತಿಳಿಯಿರಿ. ಮೊದಲು ಹೊರಗೆ ಬನ್ನಿ, ಬಟ್ಟೆ ಆಮೇಲೆ. ಒಳಗಿರುವವರು ಕೂಗಿದರೆ ಉತ್ತರ ಕೊಡದಿದ್ದರೆ ಬಾಗಿಲು ಒಡೆಯಿರಿ. ಹೊರಗೆ ತಂದು ತೆರೆದ ಗಾಳಿಯಲ್ಲಿ ಮಲಗಿಸಿ 108ಕ್ಕೆ ಕರೆ ಮಾಡಿ. ಸುಧಾರಿಸಿದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಿ, ಗ್ಯಾಸ್ ಗೀಸರ್ ವಿಷಯ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಬಿಪಿ, ಪಿತ್ತ ಅಂತ ಮಾತ್ರೆ ಕೊಟ್ಟು ಕಳಿಸಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಈ ವಿಷದಲ್ಲಿ ಮೋಸ ಮಾಡುತ್ತದೆ, ಎಲ್ಲ ಸರಿಯಿದೆ ಅಂತಲೇ ತೋರಿಸುತ್ತದೆ.

ಗೀಸರ್ ಹೊರಗಿದ್ದರೂ ನಾವು ಮಕ್ಕಳಿಗೆ ಬಚ್ಚಲ ಚಿಲಕ ಹಾಕಲು ಬಿಡುವುದಿಲ್ಲ.

ನಮ್ಮ ಕಡೆಯ ನೀರಿನ ಸುಣ್ಣ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳಿಗೆ ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧಮಾಡಿ ಬಿಡುವ ನೀರು ಬಂತು ಅಂದರೂ ನಮ್ಮ ಬೀದಿಯ ನಲ್ಲಿಯಲ್ಲಿ ಬರುವುದು ಆಳದ ಬೋರ್ ನೀರೇ. ಕುದಿಸಿದ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತೆ, ಬಿಳಿ ಪೊರೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬಿಸಿಯಾದಾಗ ಕಾರ್ಬೋನೇಟ್ ಆಗಿ ಅಂಟಿಕೊಳ್ಳುತ್ತದೆ. ಪಾತ್ರೆಯಾದರೆ ಉಜ್ಜಬಹುದು. ಗೀಸರಿನ ತಾಮ್ರದ ಕೊಳವೆ ಕಿರುಬೆರಳಷ್ಟು ಸಣ್ಣದು. ಪೊರೆ ಕಟ್ಟಿದಷ್ಟೂ ನೀರು ಸಣ್ಣಗೆ ಬರುತ್ತದೆ, ಉರಿಯ ಶಾಖ ನೀರಿಗೆ ಹತ್ತದೆ ಗ್ಯಾಸ್ ದಂಡ. ಕೊನೆಗೆ ಒಳಗಿಂದ ಕೆಟಲ್ ಕುದಿಯುವ ಹಾಗೆ ಗೊರಗೊರ ಸದ್ದು. ಸದ್ದು ಬಂತೆಂದರೆ ಆಗಲೇ ತಡವಾಗಿದೆ.

ಬೋರ್ ನೀರಿನ ಮನೆಯಲ್ಲಿ ನಾಲ್ಕು ತಿಂಗಳಿಗೊಮ್ಮೆ ತೊಳೆಯುವುದು ವಾಸಿ. ವಾರಂಟಿ ಇದ್ದರೆ ಕಂಪನಿಯವರನ್ನು ಕೇಳಿ, ಅಥವಾ ಅವರ ಕೈಯಲ್ಲೇ ಮಾಡಿಸಿ. ನಾನು ಮಾಡುವುದು ಹೀಗೆ. ರೆಗ್ಯುಲೇಟರನ್ನು ಸಿಲಿಂಡರಿನಿಂದ ಬಿಚ್ಚಿಬಿಡುತ್ತೇನೆ, ಸೆಲ್ ತೆಗೆಯುತ್ತೇನೆ. ಗೀಸರ್ ಪೂರ್ತಿ ಆರಿರಬೇಕು. ತಣ್ಣೀರಿನ ವಾಲ್ವ್ ಮುಚ್ಚಿ, ಅಲ್ಲಿಂದ ಗೀಸರಿಗೆ ಹೋಗುವ ಪೈಪಿನ ವಾಲ್ವ್ ಕಡೆಯ ತುದಿ ಬಿಚ್ಚಿ, ಒಳಗಿನ ನೀರು ಇಳಿಸುತ್ತೇನೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸುತ್ತೇನೆ, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಬಿಚ್ಚಿದ ತುದಿಯನ್ನು ಗೀಸರಿಗಿಂತ ಎತ್ತರಕ್ಕೆ ಹಿಡಿದು, ಆಲಿಕೆ ಇಟ್ಟು ನಿಧಾನಕ್ಕೆ ಸುರಿಯುತ್ತೇನೆ. ಬಿಸಿನೀರಿನ ಕಡೆಯಿಂದ ಹುಳಿ ನೀರು ತೊಟ್ಟಿಕ್ಕಿದರೆ ಕೊಳವೆ ತುಂಬಿತು ಅಂತ. ಒಂದು ಗಂಟೆ ಹಾಗೇ ಬಿಡುತ್ತೇನೆ. ಒಳಗೆ ಸುಣ್ಣ ಇದ್ದರೆ ಸೋಡಾದ ಹಾಗೆ ಗುಳ್ಳೆ ಏಳುತ್ತದೆ. ಆಮೇಲೆ ಪೈಪ್ ಜೋಡಿಸಿ, ಗ್ಯಾಸ್ ಇಲ್ಲದೆ ಐದು ನಿಮಿಷ ನೀರು ಬಿಟ್ಟರೆ ಬಿಳಿ ಚೂರು ಬಂದು ಬೀಳುತ್ತವೆ. ಮೊದಲ ಸಲ ನನಗೆ ಅರ್ಧ ಹಿಡಿಯಷ್ಟು ಸಿಕ್ಕಿತು.

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬೇಡಿ. ಅದು ಸುಣ್ಣದ ಜೊತೆ ಒಳಗಿನ ಲೋಹವನ್ನೂ ತಿನ್ನುತ್ತದೆ.

ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸಂಪು, ಟ್ಯಾಂಕ್ ತೊಳೆದ ಮಾರನೇ ದಿನ ತಪ್ಪದೆ ನೋಡಿ, ಕೆಸರು ಬಂದು ಕೂತಿರುತ್ತದೆ.

ಬರ್ನರ್ ಬಿಚ್ಚುವುದು ನಮ್ಮ ಕೆಲಸವಲ್ಲ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಮೆಕ್ಯಾನಿಕ್ ಕರೆಸಿ. ಹೊರಗೋಡೆಯ ಗೀಸರಿಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮಾಡುತ್ತದೆ. ಗ್ಯಾಸ್ ಬರುವ ಸೂಜಿಮೊನೆಯಷ್ಟು ತೂತು (ಜೆಟ್) ಮುಚ್ಚಿದರೂ ನೀಲಿ ಉರಿ ಹಳದಿಯಾಗುತ್ತದೆ. ಸುರಕ್ಷಾ ಪೈಪಿನ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಐದು ವರ್ಷವಾದರೆ ಬದಲಿಸಿ. ಬಿಸಿಲು ಬೀಳುವ ಕಡೆ ಇದ್ದರೆ ಆಗಾಗ ಬಗ್ಗಿಸಿ ನೋಡಿ, ಬಿರುಕು ಕಂಡರೆ ಐದು ವರ್ಷ ಕಾಯಬೇಡಿ.

ಸಣ್ಣಪುಟ್ಟ ತಕರಾರು

ಟಿಕ್ ಟಿಕ್ ಸದ್ದೇ ಇಲ್ಲ ಅಂದರೆ ಮೊದಲು ಸೆಲ್ ಬದಲಿಸಿ. ಹತ್ತಕ್ಕೆ ಎಂಟು ಸಲ ಅದೇ. ಹೊಸ ಸೆಲ್ಲಿಗೂ ಕಿಡಿ ಬಾರದಿದ್ದರೆ ನೀರಿನ ಒತ್ತಡ ಸಾಲದು, ಜಾಲರಿ ನೋಡಿ, ಟ್ಯಾಂಕ್ ನೋಡಿ. ಎರಡೂ ಸರಿಯಿದ್ದರೆ ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿರಬಹುದು, ಅದು ಮೆಕ್ಯಾನಿಕ್ ಕೆಲಸ. ಟಿಕ್ ಟಿಕ್ ಬರುತ್ತದೆ, ಹೊತ್ತುವುದಿಲ್ಲ ಅಂದರೆ ಗ್ಯಾಸ್ ಮುಗಿದಿದೆ, ಇಲ್ಲವೇ ರೆಗ್ಯುಲೇಟರ್ ಆನ್ ಮಾಡಿಲ್ಲ. ನಗಬೇಡಿ, ನಾನೇ ಎರಡು ಸಲ ಹಾಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದೇನೆ.

ಹೊತ್ತಿ ಅರ್ಧಕ್ಕೇ ಆರುತ್ತಿದ್ದರೆ ಗಾಳಿ ಹೊಡೆತ, ಕಡಿಮೆ ನೀರು ಅಥವಾ ಸೆನ್ಸರ್ ಮೇಲೆ ಮಸಿ. ನೀರು ನಿಲ್ಲಿಸಿದರೂ ಉರಿ ಆರದಿದ್ದರೆ ಮಾತ್ರ ಇದು ಸಣ್ಣ ತಕರಾರಲ್ಲ. ಆ ಕ್ಷಣವೇ ರೆಗ್ಯುಲೇಟರ್ ಆಫ್ ಮಾಡಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಟ್ಯಾಂಕಿನ ನೀರೇ ಕಾದಿರುತ್ತದೆ, ಗೀಸರ್ ಬೇಕಾಗುವುದಿಲ್ಲ. ಆಗ ಸೆಲ್ ತೆಗೆದಿಡಿ, ಬಿಟ್ಟರೆ ಸೋರಿ ಡಬ್ಬಿ ತುಕ್ಕು ಹಿಡಿಯುತ್ತದೆ. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಕೊಳವೆಯ ನೀರು ಇಳಿಸಿ, ಗೀಸರಿಗೆ ಹಳೇ ಬಟ್ಟೆ ಹೊದಿಸಿ. ಮತ್ತೆ ಚಳಿ ಬಂದಾಗ ಮೊದಲು ಆ ಬಟ್ಟೆ ತೆಗೆಯಿರಿ, ಒಳಗೆ ಹಲ್ಲಿಯೋ ಕಣಜವೋ ಸೇರಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ, ಸೋಪಿನ ನೀರು ಸವರಿ, ಆಮೇಲೆ ಹೊತ್ತಿಸಿ.